ಫಸ್ಟ್ ಡೇ ಕವರ್, ವಿಶೇಷ ಠಸ್ಸೆ: ಜನ ನನ್ನನ್ನು ಕೇಳುತ್ತಲೇ ಇರುವ ಪ್ರಶ್ನೆಗಳು

ತುಮಕೂರಿನಲ್ಲಿ ಸ್ಟಾಂಪ್ ಕೂಡಿಸುವವರು ಸಿಗುತ್ತಾರೆ. ಕವರ್ ಕೂಡಿಸುವವರು ಕಮ್ಮಿ. ಅದಕ್ಕೇ ಇರಬೇಕು, ಯಾರ ಮನೆಯ ಟ್ರಂಕಿನಲ್ಲಿ ಹಳೇ ಲಕೋಟೆ ಸಿಕ್ಕರೂ ನನಗೆ ಫೋನ್ ಬರುತ್ತದೆ. ಮದುವೆ ಊಟದ ಪಂಕ್ತಿಯಲ್ಲಿ, ಬಸ್‌ಸ್ಟ್ಯಾಂಡಿನಲ್ಲಿ, ಕಾಗದದಲ್ಲಿ, ಮೊಬೈಲಿನಲ್ಲಿ ಕೇಳಿದ್ದನ್ನೇ ಕೇಳುತ್ತಾರೆ. ಬೇಜಾರೇನಿಲ್ಲ. ಒಂದು ಕಡೆ ಬರೆದಿಟ್ಟರೆ ನನ್ನ ಗಂಟಲು ಉಳಿಯುತ್ತದೆ ಅಂತ ಇದನ್ನು ಬರೆದೆ. ಪ್ರಶ್ನೆಗಳನ್ನು ಅವರು ಕೇಳಿದ ಹಾಗೇ ಇಟ್ಟಿದ್ದೇನೆ.

## ಈಗ ತಾನೇ ಶುರು ಮಾಡುವವರಿಗೆ

ಫಸ್ಟ್ ಡೇ ಕವರ್ ಅಂದ್ರೆ ಏನ್ ಸಾರ್? ಸ್ಟಾಂಪ್ ಅಂಟಿಸಿದ ಕವರ್ ತಾನೇ?

ಸ್ಟಾಂಪ್ ಅಂಟಿಸಿದರೆ ಸಾಲದು. ತಾರೀಖು ಬೇಕು. ಪ್ರತಿ ಹೊಸ ಸ್ಟಾಂಪಿಗೂ ಒಂದು ಬಿಡುಗಡೆಯ ದಿನ ಇರುತ್ತದೆ. ಆ ಸ್ಟಾಂಪ್ ಅಂಟಿಸಿ, ಅದೇ ದಿನದ ಠಸ್ಸೆ, ಅಂದರೆ ಅಂಚೆ ಕಚೇರಿಯ ಮುದ್ರೆ, ಹೊಡೆಸಿದ ಲಕೋಟೆಯೇ ಫಸ್ಟ್ ಡೇ ಕವರ್. ಅಂಚೆ ಇಲಾಖೆಯೇ ಮಾಡುವ ಕವರಿನಲ್ಲಿ ಎಡಗಡೆ ವಿಷಯಕ್ಕೆ ತಕ್ಕ ಚಿತ್ರವೂ ಇರುತ್ತದೆ.

ಒಂದು ಉದಾಹರಣೆ ಕೊಡುತ್ತೇನೆ. 1960ರ ಸೆಪ್ಟೆಂಬರ್ 15ಕ್ಕೆ ಸರ್ ಎಂ. ವಿಶ್ವೇಶ್ವರಯ್ಯನವರ ಸ್ಟಾಂಪ್ ಬಂತು, 15 ನಯಾಪೈಸೆಯದು. ಮುದ್ದೇನಹಳ್ಳಿಯಲ್ಲಿ ಹುಟ್ಟಿದವರು, ಸ್ಟಾಂಪ್ ಬಂದಾಗ ಇನ್ನೂ ಬದುಕಿದ್ದರು. ಬದುಕಿರುವವರ ಮೇಲೆ ನಮ್ಮಲ್ಲಿ ಸ್ಟಾಂಪ್ ಬರುವುದೇ ಅಪರೂಪ, ಅದಕ್ಕೆ ಎರಡು ವರ್ಷ ಮೊದಲು ಸಮಾಜ ಸುಧಾರಕ ಧೋಂಡೋ ಕೇಶವ ಕರ್ವೆಯವರಿಗೆ ಆ ಗೌರವ ಸಿಕ್ಕಿತ್ತು. ಸರ್ ಎಂವಿ ಸ್ಟಾಂಪಿನ ಮೇಲೆ 15-9-1960 ಅಂತ ಠಸ್ಸೆ ಇದ್ದರೆ ಫಸ್ಟ್ ಡೇ ಕವರ್. 16ರ ಠಸ್ಸೆ ಇದ್ದರೆ ಅದು ಯಾರೋ ಯಾರಿಗೋ ಬರೆದ ಕಾಗದ, ಅಷ್ಟೆ.

ಸ್ಪೆಷಲ್ ಕವರ್ ಅಂತಾನೂ ಕೊಡ್ತಾರೆ. ಎರಡೂ ಒಂದೇ ಅಲ್ವಾ?

ಅಲ್ಲ. ಫಸ್ಟ್ ಡೇ ಕವರ್ ಹುಟ್ಟುವುದು ಹೊಸ ಸ್ಟಾಂಪಿನಿಂದ. ಸ್ಪೆಷಲ್ ಕವರಿಗೆ ಹೊಸ ಸ್ಟಾಂಪ್ ಬೇಕಿಲ್ಲ. ಒಂದು ಶಾಲೆಗೆ ನೂರು ವರ್ಷ ತುಂಬಿತು, ಒಂದು ಪ್ರದರ್ಶನ ನಡೆಯಿತು, ಒಂದು ಊರಿನ ಬೆಳೆಗೆ ಹೆಸರು ಬಂತು ಅಂತ ಆಯಾ ರಾಜ್ಯದ ಅಂಚೆ ವೃತ್ತ ಒಂದು ಲಕೋಟೆ ಅಚ್ಚು ಹಾಕಿಸಿ, ಅದಕ್ಕೇ ಅಂತ ಒಂದು ಠಸ್ಸೆ ಮಾಡಿಸುತ್ತದೆ. ಸ್ಟಾಂಪ್ ಯಾವುದಾದರೂ ಹಳೆಯದು ಇರಬಹುದು. ಇಂಥವು ಕಡಿಮೆ ಸಂಖ್ಯೆಯಲ್ಲಿ ಅಚ್ಚಾಗುತ್ತವೆ, ಆ ಊರಿನವರಿಗೇ ಗೊತ್ತಾಗದೆ ಮುಗಿದೂ ಹೋಗುತ್ತವೆ. ನನ್ನ ಮಾತು ಕೇಳುವುದಾದರೆ, ಕೂಡಿಸುವುದಕ್ಕೆ ಇವೇ ಜಾಸ್ತಿ ರುಚಿ.

ಠಸ್ಸೆ ಅಂದ್ರೆ ಠಸ್ಸೆ. ಅದರಲ್ಲೂ ಬಗೆ ಇದೆಯಾ?

ಇದೆ. ದಿನಾ ಕೌಂಟರಿನಲ್ಲಿ ಹೊಡೆಯುವ ಊರ ಹೆಸರಿನ ಗುಂಡು ಠಸ್ಸೆ ಒಂದು. ಹೊಸ ಸ್ಟಾಂಪಿನ ದಿನಕ್ಕೆ ಮಾಡಿದ ಚಿತ್ರದ ಠಸ್ಸೆ ಇನ್ನೊಂದು. ಒಂದು ಸಮಾರಂಭಕ್ಕೆ ಒಂದೇ ದಿನ ಬಳಸುವ ವಿಶೇಷ ಠಸ್ಸೆ ಮತ್ತೊಂದು. ಹಂಪಿ, ವಿಜಯಪುರದಂಥ ಕಡೆ ವರ್ಷವಿಡೀ ಸಿಗುವ ಶಾಶ್ವತ ಚಿತ್ರ ಠಸ್ಸೆ ಅಂತ ಇದೆ, ಪ್ರವಾಸ ಹೋದಾಗ ಅಲ್ಲಿನ ಪೋಸ್ಟಾಫೀಸಿಗೆ ಹೋಗಿ ಕೇಳಿದರೆ ಹಾಕಿಕೊಡುತ್ತಾರೆ. ಘೋಷಣೆಯ ಠಸ್ಸೆಯೂ ಇದೆ. 1947ರ ಆಗಸ್ಟ್ 15ರಂದು 'ಜೈ ಹಿಂದ್' ಅಂತ ಹೊಡೆದದ್ದು ಆ ಜಾತಿಯದು. ಅವತ್ತು ಸ್ವತಂತ್ರ ಭಾರತದ ಸ್ಟಾಂಪ್ ಇನ್ನೂ ಬಂದಿರಲಿಲ್ಲ. ಮೊದಲನೆಯದು ಬಂದದ್ದು ನವೆಂಬರ್ 21ಕ್ಕೆ. ಹಾಗಾಗಿ ಬ್ರಿಟಿಷ್ ರಾಜನ ತಲೆಯ ಸ್ಟಾಂಪಿನ ಮೇಲೆ ಜೈ ಹಿಂದ್ ಅಂತ ಬಿದ್ದಿದೆ! ನೋಡುವುದಕ್ಕೇ ಒಂದು ಮಜಾ.

ದುಡ್ಡು ಎಷ್ಟು ಬೇಕು? ಶ್ರೀಮಂತರ ಹವ್ಯಾಸ ಅಂತಾರಲ್ಲ.

ಒಂದು ಸಿನಿಮಾಕ್ಕೆ ಹೋಗುವಷ್ಟು ದುಡ್ಡಿದ್ದರೆ ತಿಂಗಳ ಖರ್ಚು ಕಳೆಯುತ್ತದೆ. ಹೊಸ ಕವರುಗಳಿಗೆ ಸ್ಟಾಂಪಿನ ಮುಖಬೆಲೆ, ಅದರ ಮೇಲೆ ಲಕೋಟೆಗೆ ಸ್ವಲ್ಪ. ದುಡ್ಡು ಹೋಗುವುದು ಹಳೆಯದರ ಹಿಂದೆ ಬಿದ್ದಾಗ. ಮೊದಲ ವರ್ಷ ಹಳೆಯದನ್ನು ಕೊಳ್ಳಲೇಬೇಡಿ. ಕಣ್ಣು ಪಳಗಲಿ.

ನನ್ನ ಮಗಳು ಏಳನೇ ಕ್ಲಾಸು. ಓದು ಹಾಳಾಗಲ್ವಾ?

ಅಮ್ಮ, ಇದಕ್ಕೆ ಸ್ಕಾಲರ್‌ಶಿಪ್ಪೇ ಇದೆ. ಅಂಚೆ ಇಲಾಖೆಯ ದೀನ್ ದಯಾಳ್ ಸ್ಪರ್ಶ್ ಯೋಜನೆ, 2017ರಲ್ಲಿ ಶುರುವಾದದ್ದು. ಆರರಿಂದ ಒಂಬತ್ತನೇ ತರಗತಿಯ ಮಕ್ಕಳಿಗೆ, ವರ್ಷಕ್ಕೆ 6,000 ರೂಪಾಯಿ. ಶಾಲೆಯಲ್ಲಿ ಫಿಲಾಟಲಿ (ಅಂಚೆಚೀಟಿ ಸಂಗ್ರಹ) ಕ್ಲಬ್ ಇದ್ದು ಮಗು ಅದರಲ್ಲಿರಬೇಕು, ಇಲ್ಲದಿದ್ದರೆ ಮಗುವಿನ ಹೆಸರಲ್ಲಿ ಫಿಲಾಟಲಿ ಠೇವಣಿ ಖಾತೆ ಇರಬೇಕು. ರಸಪ್ರಶ್ನೆ, ಪ್ರಾಜೆಕ್ಟ್ ಎರಡೂ ಇರುತ್ತವೆ. ಪ್ರಾಜೆಕ್ಟನ್ನು ಅಪ್ಪ ಅಮ್ಮ ಮಾಡಿಕೊಟ್ಟರೆ ನೋಡಿದ ತಕ್ಷಣ ಗೊತ್ತಾಗುತ್ತದೆ, ಅದೊಂದು ಬೇಡ.

## ಎಲ್ಲಿ ಸಿಗುತ್ತದೆ, ಹೇಗೆ ಹಾಕಿಸಬೇಕು

ಇದಕ್ಕೆಲ್ಲ ಬೆಂಗಳೂರಿಗೇ ಹೋಗ್ಬೇಕಾ?

ಸಲ ಸಲ ಹೋಗಬೇಕಿಲ್ಲ. ರಾಜಭವನ ರಸ್ತೆಯ ಜಿಪಿಓದಲ್ಲಿ, ಅಂದರೆ ಬೆಂಗಳೂರಿನ ದೊಡ್ಡ ಪೋಸ್ಟಾಫೀಸಿನಲ್ಲಿ, ಫಿಲಾಟಲಿ ಬ್ಯೂರೋ ಇದೆ. ಅಲ್ಲಿ ಕನಿಷ್ಠ 200 ರೂಪಾಯಿ ಕಟ್ಟಿ ಠೇವಣಿ ಖಾತೆ ತೆರೆಯಿರಿ. ನಿಮಗೆ ಏನು ಬೇಕು, ಬರೀ ಸ್ಟಾಂಪಾ, ಕವರಾ, ಮಾಹಿತಿ ಕರಪತ್ರವೂ ಬೇಕಾ ಅಂತ ಫಾರಂನಲ್ಲಿ ಬರೆದುಕೊಟ್ಟರೆ ಹೊಸದು ಬಂದಾಗ ಖಾತೆಯಿಂದ ಹಣ ಮುರಿದುಕೊಂಡು ಮನೆಗೆ ಕಳಿಸುತ್ತಾರೆ. ನಮ್ಮ ಪ್ರಧಾನ ಅಂಚೆ ಕಚೇರಿಗಳಲ್ಲೂ ಕೇಳಿ ನೋಡಿ, ಕೆಲವೊಮ್ಮೆ ಡ್ರಾದಲ್ಲಿ ಹಳೇ ಹಾಳೆ ಉಳಿದಿರುತ್ತವೆ. ಆದರೂ ವರ್ಷಕ್ಕೆ ಒಂದು ಸಲ ಜಿಪಿಓಗೆ ಹೋಗಿ ಬನ್ನಿ. ಬೆಳಗಿನ ಪ್ಯಾಸೆಂಜರ್ ಹತ್ತಿದರೆ ಮಧ್ಯಾಹ್ನದ ಊಟಕ್ಕೆ ವಾಪಸ್ಸು.

ನಮ್ಮೂರ ಠಸ್ಸೆಯನ್ನೇ ಮೊದಲ ದಿನ ಹಾಕಿಸಿದ್ರೆ ಅದು ಲೆಕ್ಕಕ್ಕೆ ಬರುತ್ತಾ?

ಬರುತ್ತದೆ. ನನ್ನ ಕಣ್ಣಿಗೆ ಅದಕ್ಕೇ ಬೆಲೆ ಜಾಸ್ತಿ. ಬ್ಯೂರೋದ ಚಿತ್ರದ ಠಸ್ಸೆ ಸಾವಿರಾರು ಕವರಿನ ಮೇಲೆ ಬಿದ್ದಿರುತ್ತದೆ. ಮಧುಗಿರಿಯ, ಚಿಂತಾಮಣಿಯ ಸಾದಾ ಠಸ್ಸೆ ಅದೇ ತಾರೀಖಿಗೆ ಬಿದ್ದ ಕವರ್ ಎಷ್ಟಿರುತ್ತವೆ ಹೇಳಿ? ನೀವು ಹಾಕಿಸಿದ್ದೇ ಇರುತ್ತದೆ.

ತೊಂದರೆ ಏನೆಂದರೆ, ಹೊಸ ಸ್ಟಾಂಪ್ ಅವತ್ತೇ ನಮ್ಮ ಊರಿಗೆ ಬರುವುದಿಲ್ಲ. ಒಂದು ಸಲ ನಾನು ಬೆಳಿಗ್ಗೆ ಬೆಂಗಳೂರಿಗೆ ಹೋಗಿ ಹೊಸ ಸ್ಟಾಂಪ್ ತಗೊಂಡು, ಓಡೋಡಿ ರೈಲು ಹಿಡಿದು, ಕೌಂಟರ್ ಮುಚ್ಚುವ ಮೊದಲು ನಮ್ಮ ಕಡೆಯ ಒಂದು ಕಚೇರಿ ಮುಟ್ಟಿದೆ. ನಾಲ್ಕು ಕವರ್ ಇತ್ತು. ಅಲ್ಲಿದ್ದವರು ಪಾಪ, ಗಿರಾಕಿಗಳ ಗಲಾಟೆಯಲ್ಲಿದ್ದರು. ಧಡಧಡ ಅಂತ ನಾಲ್ಕಕ್ಕೂ ಹೊಡೆದು ತಳ್ಳಿದರು. ನೋಡಿದರೆ ಠಸ್ಸೆಯಲ್ಲಿ ಹಿಂದಿನ ದಿನದ ತಾರೀಖು! ಬೆಳಿಗ್ಗೆ ಯಾರೂ ಬದಲಾಯಿಸಿರಲಿಲ್ಲ. ಸ್ಟಾಂಪ್ ಹುಟ್ಟುವ ಹಿಂದಿನ ದಿನವೇ ಅದು ಬಳಕೆಯಾದ ಹಾಗಾಯಿತು. ಅವತ್ತಿನಿಂದ ಕವರ್ ಕೊಡುವ ಮೊದಲು ಒಂದು ಬಿಳಿ ಚೀಟಿ ಚಾಚಿ, 'ಸಾರ್, ಇದರ ಮೇಲೆ ಒಂದು ಹೊಡೀತೀರಾ' ಅಂತೇನೆ.

ಠಸ್ಸೆ ಯಾವಾಗಲೂ ಮಸಿ ಚೆಲ್ಲಿದ ಹಾಗೆ ಬೀಳುತ್ತೆ. ಏನು ಮಾಡೋದು?

ಮುಕ್ಕಾಲು ಪಾಲು ತಪ್ಪು ಕವರ್ ಕೊಡುವವರದ್ದೇ. ಖಾಲಿ ಲಕೋಟೆ ಕೊಟ್ಟರೆ ಒಳಗೆ ಕಾಗದ ಮಡಚಿಕೊಂಡು ಗೆರೆ ಗೆರೆ ಬೀಳುತ್ತದೆ. ಲಗ್ನಪತ್ರಿಕೆಯಷ್ಟು ದಪ್ಪದ ಒಂದು ಕಾರ್ಡ್ ಅಳತೆಗೆ ಕತ್ತರಿಸಿ ಒಳಗಿಡಿ. ಹಿಂದಿನ ಮಡಿಕೆ ಉಬ್ಬಿರುವ ಜಾಗಕ್ಕೆ ಸರಿಯಾಗಿ ಸ್ಟಾಂಪ್ ಬರದ ಹಾಗೆ ನೋಡಿಕೊಳ್ಳಿ. ಕವರಿನ ಅಡಿಗೆ ಮೆತ್ತನೆಯ ರಬ್ಬರ್ ಹಾಸು ಇರಬೇಕು, ಅವರ ಹತ್ತಿರ ಇಲ್ಲದಿದ್ದರೆ ಕಂಪ್ಯೂಟರ್ ಮೌಸಿನ ಹಾಸು ಜೇಬಿನಲ್ಲಿಟ್ಟುಕೊಂಡು ಹೋಗಿ, ನಾನು ಹಾಗೇ ಮಾಡುವುದು. ಮಸಿ ಹತ್ತಿದ ತಕ್ಷಣದ ಮೊದಲ ಹೊಡೆತ ಚೆಲ್ಲುತ್ತದೆ. ಅದು ಚೀಟಿಗೆ ಹೋಗಲಿ, ಎರಡನೆಯದು ಕವರಿಗೆ. ಠಸ್ಸೆಯ ಕಾಲು ಭಾಗ ಸ್ಟಾಂಪಿನ ಮೇಲೆ, ಉಳಿದದ್ದು ಕಾಗದದ ಮೇಲೆ ಬಿದ್ದರೆ ಸ್ಟಾಂಪಿನ ಮುಖವೂ ಉಳಿಯುತ್ತದೆ, ತಾರೀಖೂ ಓದಬಹುದು. ಆಮೇಲೆ ಐದು ನಿಮಿಷ ಕೈಯಲ್ಲೇ ಹಿಡಿದುಕೊಂಡು ನಿಲ್ಲಿ. ಒಂದರ ಮೇಲೊಂದು ಪೇರಿಸಿದರೆ ಕೆಳಗಿನ ಠಸ್ಸೆ ಮೇಲಿನ ಕವರಿನ ಬೆನ್ನಿಗೆ ಅಂಟುತ್ತದೆ.

ಮತ್ತೆ, ಹೋಗುವ ಹೊತ್ತು. ಸೋಮವಾರ ಬೆಳಿಗ್ಗೆ, ಪಿಂಚಣಿ ಕೊಡುವ ದಿನ ಹೋಗಬೇಡಿ. ಮಧ್ಯಾಹ್ನ ಮೂರರ ಮೇಲೆ ಹೋಗಿ, ಒಂದು ನಗು ಮುಖ ಇಟ್ಟುಕೊಂಡು ಹೋಗಿ.

ದೂರದ ಊರಿನ ವಿಶೇಷ ಠಸ್ಸೆ ಬೇಕು. ಹೋಗೋಕಾಗಲ್ಲ.

ಕಾಗದ ಬರೆಯಿರಿ. ನಿಮ್ಮ ವಿಳಾಸ ಬರೆದು, ಸರಿಯಾದ ಸ್ಟಾಂಪ್ ಅಂಟಿಸಿದ ಕವರುಗಳನ್ನು ಒಂದು ದೊಡ್ಡ ಲಕೋಟೆಯಲ್ಲಿಟ್ಟು ಆ ಊರಿನ ಪೋಸ್ಟ್‌ಮಾಸ್ಟರಿಗೆ ಕಳಿಸಿ. ಜೊತೆಗೆ ಎಲ್ಲಿ ಹೊಡೆಯಬೇಕು ಅಂತ ಪೆನ್ಸಿಲಿನಲ್ಲಿ ಬರೆದ ಪುಟ್ಟ ಚೀಟಿ. ವಾಪಸ್ಸು ಬರುವಾಗ ಬಿಡಿಯಾಗಿ ಬಂದರೆ ದಾರಿಯಲ್ಲಿ ಇನ್ನೊಂದು ಠಸ್ಸೆ ಬೀಳಬಹುದು. ಅದು ಬೇಡವಾದರೆ ಸ್ಟಾಂಪ್ ಅಂಟಿಸಿದ ವಾಪಸು ಲಕೋಟೆಯನ್ನೂ ಒಳಗಿಡಿ. ನನ್ನ ಅನುಭವದಲ್ಲಿ ಹತ್ತರಲ್ಲಿ ಏಳು ವಾಪಸ್ಸು ಬರುತ್ತವೆ. ಮೂರು ಎಲ್ಲಿ ಹೋಗುತ್ತವೋ ದೇವರೇ ಬಲ್ಲ.

ವಿಳಾಸ ಬರೆದದ್ದು ಒಳ್ಳೇದಾ, ಖಾಲಿ ಕವರ್ ಒಳ್ಳೇದಾ?

ಇದು ಜಗಳದ ವಿಷಯ. ಅಂದ ನೋಡುವವರಿಗೆ ಖಾಲಿ ಕವರ್ ಬೇಕು, ಅಂಗಡಿಯವರಿಗೂ ಅದೇ ಬೇಕು. ಅಂಚೆಯ ಚರಿತ್ರೆ ನೋಡುವವರಿಗೆ ನಿಜವಾಗಿ ಅಂಚೆಯಲ್ಲಿ ಹೋಗಿ ಬಂದ ಕವರ್ ಬೇಕು: ವಿಳಾಸ, ಸರಿಯಾದ ದರದ ಸ್ಟಾಂಪ್, ಹೊರಟ ಊರಿನ ಠಸ್ಸೆ, ಬೆನ್ನ ಮೇಲೆ ತಲುಪಿದ ಊರಿನ ಠಸ್ಸೆ. ನಾನು ಎರಡನೇ ಪಕ್ಷ. ಎಲ್ಲಿಗೂ ಹೋಗದ ಲಕೋಟೆ ನನಗೆ ಮೈಲಿಗಲ್ಲಿನ ಫೋಟೋ ಇದ್ದ ಹಾಗೆ.

## ಇಟ್ಟುಕೊಳ್ಳುವುದು

ಲ್ಯಾಮಿನೇಷನ್ ಮಾಡಿಸಿಬಿಟ್ಟರೆ ಭದ್ರ ಅಲ್ವಾ?

ಬೇಡ. ಬೇಡವೇ ಬೇಡ. ಬಿಸಿಗೆ ಅಂಟಿದ ಪ್ಲಾಸ್ಟಿಕ್ ಮತ್ತೆ ಬಿಡುವುದಿಲ್ಲ. ನನ್ನ ಸೋದರಮಾವ ಮನೆಯಲ್ಲಿದ್ದ ಗಾಂಧೀಜಿ ಕವರನ್ನು ಪ್ರೀತಿಯಿಂದ ಲ್ಯಾಮಿನೇಟ್ ಮಾಡಿಸಿ ತಂದು ತೋರಿಸಿದರು. ಚೆನ್ನಾಗಿದೆ ಮಾವ ಅಂದೆ. ಇನ್ನೇನು ಹೇಳಲಿ?

ಹಾಗಾದ್ರೆ ಎಲ್ಲಿಡೋದು? ಮಳೆಗಾಲದಲ್ಲಿ ಕಂದು ಚುಕ್ಕೆ ಬರ್ತಿದೆ.

ನಮ್ಮ ಕಡೆ ಕರಾವಳಿಯಷ್ಟು ತೇವ ಇಲ್ಲ, ಅದು ಪುಣ್ಯ. ಆದರೂ ಜುಲೈನಿಂದ ಅಕ್ಟೋಬರ್‌ವರೆಗೆ ಎಚ್ಚರ ಬೇಕು. ಕವರಿಗೆ ಅಂತಲೇ ಬರುವ ಪಾರದರ್ಶಕ ಜೇಬಿನ ಆಲ್ಬಂ ತಗೊಳ್ಳಿ. ವಾಸನೆ ಬರುವ, ಕೈಗೆ ಅಂಟಂಟಾಗುವ ಅಗ್ಗದ ಪಿವಿಸಿ ಹಾಳೆ ಬೇಡ, ಅದು ಮಸಿಯನ್ನು ಎಳೆದುಕೊಳ್ಳುತ್ತದೆ. ಆಲ್ಬಂ ನಿಲ್ಲಿಸಿ ಇಡಿ, ಗೋಡೆಗೆ ತಾಗದ ಬೀರುವಿನಲ್ಲಿ. ಹೊಸ ಬೂಟಿನ ಡಬ್ಬಿಯಲ್ಲಿ ಬರುವ ಸಿಲಿಕಾ ಪೊಟ್ಟಣ ಬಿಸಾಡಬೇಡಿ, ಬೀರುವಿಗೆ ಹಾಕಿ. ನುಸಿಗುಳಿಗೆ ಆಲ್ಬಂ ಒಳಗೆ ಹಾಕಬಾರದು. ಬೇವಿನ ಎಲೆಯೂ ಬೇಡ, ಒಣಗಿ ಹಳದಿ ಗುರುತು ಬಿಡುತ್ತದೆ, ಅಜ್ಜಿ ಮಾತು ರೇಷ್ಮೆ ಸೀರೆಗೆ ಸರಿ. ತಿಂಗಳಿಗೊಂದು ಸಲ ಫ್ಯಾನಿನ ಕೆಳಗೆ ಪುಟ ತಿರುವಿದರೆ ಅರ್ಧ ರೋಗ ಹತ್ತಿರ ಬರುವುದಿಲ್ಲ.

ವಾಸನೆಯ ಸ್ಟಾಂಪುಗಳನ್ನು ಬೇರೆ ಇಡಿ. 2006ರ ಶ್ರೀಗಂಧದ್ದು, 2017ರ ಕಾಫಿಯದು ಇತ್ಯಾದಿ. ನನ್ನ ಶ್ರೀಗಂಧದ್ದಕ್ಕೆ ಈಗ ಬರೀ ಬೀರುವಿನ ವಾಸನೆ.

ಹಳೇ ಕವರಿನಿಂದ ಸ್ಟಾಂಪ್ ನೀರಲ್ಲಿ ನೆನೆಸಿ ಬಿಡಿಸ್ಲಾ?

ಮೊದಲು ಕವರನ್ನು ಯಾರಿಗಾದರೂ ತೋರಿಸಿ. ಬಿಡಿ ಸ್ಟಾಂಪ್ ಹತ್ತು ರೂಪಾಯಿಗೆ ಸಿಗುವ ಕಡೆ ಅದೇ ಸ್ಟಾಂಪ್ ಇರುವ ಇಡೀ ಕವರ್ ನೂರಕ್ಕೆ ಹೋಗಬಹುದು. ನೆನೆಸಿದ ಮೇಲೆ ತಿರುಗಿ ಅಂಟಿಸೋಕಾಗಲ್ಲ.

## ಬೆಲೆ ಮತ್ತು ಮೋಸ

ತಾತ ಒಂದು ಪೆಟ್ಟಿಗೆ ಕವರ್ ಬಿಟ್ಟು ಹೋಗಿದ್ದಾರೆ. ಲಕ್ಷ ಬರುತ್ತಾ?

ಬರುವುದಿಲ್ಲ ಅಂದುಕೊಂಡೇ ಪೆಟ್ಟಿಗೆ ತೆರೆಯಿರಿ. 1970ರ ಈಚಿನ ಇಲಾಖೆಯ ಫಸ್ಟ್ ಡೇ ಕವರುಗಳು ಬೇಕಾದಷ್ಟಿವೆ, ಕೊಂಡ ಬೆಲೆಯೂ ಹುಟ್ಟದಿರಬಹುದು. ಜನಕ್ಕೆ ಲಕ್ಷದ ಆಸೆ ಹತ್ತಿಸಿದ್ದು ಗಾಂಧಿ ಸ್ಟಾಂಪಿನ ಸುದ್ದಿ. 1948ರ ಆಗಸ್ಟ್ 15ಕ್ಕೆ ಸ್ವಿಟ್ಜರ್ಲೆಂಡಿನಲ್ಲಿ ಅಚ್ಚಾದ ನಾಲ್ಕು ಗಾಂಧಿ ಸ್ಟಾಂಪುಗಳು ಬಂದವು. ಅದರಲ್ಲಿ 10 ರೂಪಾಯಿಯದಕ್ಕೆ 'ಸರ್ವೀಸ್' ಅಂತ ಮೇಲೆ ಅಚ್ಚು ಹಾಕಿದ್ದು ಬರೀ ಗವರ್ನರ್ ಜನರಲ್ ಕಚೇರಿಯ ಬಳಕೆಗೆ. ಅಂಥ ನಾಲ್ಕರ ಸಾಲು 2017ರಲ್ಲಿ 5 ಲಕ್ಷ ಪೌಂಡಿಗೆ ಮಾರಾಟವಾಯಿತು. ನಿಮ್ಮ ತಾತನ ಪೆಟ್ಟಿಗೆಯಲ್ಲಿರುವುದು ಸಾದಾ ಒಂದೂವರೆ ಆಣೆಯದು. ಅದೂ ಒಳ್ಳೆಯದೇ, 15ನೇ ತಾರೀಖಿನ ಠಸ್ಸೆ ಇದ್ದರೆ ಇನ್ನೂ ಒಳ್ಳೆಯದು.

ನಾನು ಪೆಟ್ಟಿಗೆ ನೋಡುವಾಗ ಚಿತ್ರದ ಕವರ್ ಪಕ್ಕಕ್ಕಿಟ್ಟು ತಾತನಿಗೆ ಬಂದ ಸಾದಾ ಕಾಗದಗಳನ್ನು ಮೊದಲು ಕೇಳುತ್ತೇನೆ. ಬೆಲೆ ಇದ್ದರೆ ಅಲ್ಲೇ ಇರುತ್ತದೆ.

ಮೈಸೂರು ಮಹಾರಾಜರ ಸ್ಟಾಂಪ್ ಸಿಕ್ಕಿದೆ ಸಾರ್!

ಅದು ಕೋರ್ಟ್ ಫೀ ಅಥವಾ ರೆವಿನ್ಯೂ ಸ್ಟಾಂಪ್. ಮೈಸೂರು ಸಂಸ್ಥಾನ ಅಂಚೆಚೀಟಿ ತರಲೇ ಇಲ್ಲ. ತಮಾಷೆ ಏನೆಂದರೆ ಅಂಚೆ ಮಾತ್ರ ನಮ್ಮದೇ ಇತ್ತು, ಬ್ರಿಟಿಷರಿಗಿಂತ ಮೊದಲೇ. ಚಿಕ್ಕದೇವರಾಜ ಒಡೆಯರು 1672ರಲ್ಲಿ ಶುರು ಮಾಡಿದ್ದು. 1889ರಲ್ಲಿ ಅದು ಬ್ರಿಟಿಷ್ ಭಾರತದ ಅಂಚೆಯ ಜೊತೆ ಸೇರಿಹೋಯಿತು. ನಾವು ಇವತ್ತೂ 'ಅಂಚೆ' ಅನ್ನುತ್ತೇವಲ್ಲ, ಆ ಮಾತು ಉಳಿಯಿತು. ಆ ಕಾಲದ ಅಂಚೆಯ ಠಸ್ಸೆ ಇರುವ ಹಾಳೆ ಸಿಕ್ಕರೆ ಮಾತ್ರ ಊಟ ಬಿಟ್ಟು ಫೋನ್ ಮಾಡಿ.

ನಕಲಿ ಕವರ್ ಗೊತ್ತು ಮಾಡೋದು ಹೇಗೆ?

ಭೂತಗನ್ನಡಿ ಆಮೇಲೆ. ಮೊದಲು ಕ್ಯಾಲೆಂಡರ್. ಪಿನ್‌ಕೋಡ್ ಬಂದದ್ದು 1972ರ ಆಗಸ್ಟ್ 15ಕ್ಕೆ. 1965ರ ತಾರೀಖಿನ ಠಸ್ಸೆಯಲ್ಲಿ, ವಿಳಾಸದಲ್ಲಿ ಆರಂಕಿ ಪಿನ್ ಇದ್ದರೆ ಕಥೆ ಮುಗಿಯಿತು. ನಯಾಪೈಸೆ ಶುರುವಾದದ್ದು 1957ರ ಏಪ್ರಿಲ್ 1ಕ್ಕೆ, 1956ರ ಕವರಿನ ಮೇಲೆ ಅದು ಇರೋಕಾಗಲ್ಲ. ತುಮಕೂರಿನ ಇಂಗ್ಲಿಷ್ ಸ್ಪೆಲ್ಲಿಂಗ್ ಅಧಿಕೃತವಾಗಿ Tumkur ಹೋಗಿ Tumakuru ಆದದ್ದು 2014ರ ನವೆಂಬರ್ 1ಕ್ಕೆ. ಹಳೇ ಕವರಿನ ಠಸ್ಸೆಯಲ್ಲಿ ಹೊಸ ಸ್ಪೆಲ್ಲಿಂಗ್ ಇದ್ದರೆ ಅನುಮಾನಪಡಿ.

ಆಮೇಲೆ ಠಸ್ಸೆಯ ಗೆರೆ ನೋಡಿ. ಸ್ಟಾಂಪಿನ ಅಂಚು ದಾಟಿ ಕಾಗದದ ಮೇಲೆ ಅದೇ ಬಣ್ಣದಲ್ಲಿ, ಅದೇ ವೃತ್ತದಲ್ಲಿ ಮುಂದುವರಿಯಬೇಕು. ಅಂಚಿನಲ್ಲೇ ನಿಂತಿದ್ದರೆ ಬೇರೆ ಕಡೆಯಿಂದ ಸ್ಟಾಂಪ್ ತಂದು ಅಂಟಿಸಿದ್ದಾರೆ. ಕವರಿನ ಎಡಗಡೆ ಚಿತ್ರವನ್ನು ಈಚೆಗೆ ಅಚ್ಚು ಹಾಕಿ ಹಳೇ ಕವರನ್ನು ಸಿಂಗರಿಸುವವರೂ ಇದ್ದಾರೆ. ಓರೆಯಾಗಿ ಬೆಳಕಿಗೆ ಹಿಡಿದರೆ ಹೊಸ ಮಸಿ ಮಿಂಚುತ್ತದೆ.

## ಸ್ವಲ್ಪ ಪಳಗಿದವರಿಗೆ

ಎಲ್ಲಾ ಕವರ್ ಕೂಡಿಸೋಕಾಗಲ್ಲ. ಒಂದು ವಿಷಯ ಹೇಳಿ.

ಮನೆ ಬಾಗಿಲಿನಿಂದಲೇ ಶುರು ಮಾಡಿ. ಕೋಲಾರದವರು ಕೆಜಿಎಫ್ ಹಿಡಿಯಬಹುದು. ಊರ್ಗಾಂ, ಚಾಂಪಿಯನ್ ರೀಫ್ಸ್, ಮಾರಿಕುಪ್ಪಂ, ರಾಬರ್ಟ್‌ಸನ್‌ಪೇಟೆ, ಒಂದೇ ಗಣಿ ಪಟ್ಟಣದಲ್ಲಿ ಇಷ್ಟೊಂದು ಅಂಚೆ ಕಚೇರಿಯ ಹೆಸರು ಬೇರೆಲ್ಲಿ ಸಿಗುತ್ತದೆ? ಗಣಿ ನಡೆಸುತ್ತಿದ್ದ ಜಾನ್ ಟೇಲರ್ ಕಂಪನಿಯ ಕಾಲದಲ್ಲಿ ಇಲ್ಲಿಂದ ಇಂಗ್ಲೆಂಡಿಗೆ ಹೋದ ಕಾಗದಗಳು ಈಗ ಅಲ್ಲಿನ ಹರಾಜಿನಲ್ಲಿ ಕಾಣಿಸುತ್ತವೆ. ಗಣಿ ಮುಚ್ಚಿದ್ದು 2001ರ ಫೆಬ್ರವರಿ 28ಕ್ಕೆ, ಆ ವಾರದ ಕವರ್ ಯಾರ ಹತ್ತಿರವಾದರೂ ಇದ್ದರೆ ನಾನೇ ಬಂದು ನೋಡಿಕೊಂಡು ಹೋಗುತ್ತೇನೆ. ಮುಳಬಾಗಿಲಿನವರಿಗೆ ಡಿವಿಜಿ ಇದ್ದಾರೆ, ಅವರ ಸ್ಟಾಂಪ್ 1988ರದ್ದು. ಚಿಕ್ಕಬಳ್ಳಾಪುರದವರಿಗೆ ಸರ್ ಎಂವಿ, ನಂದಿಬೆಟ್ಟ. ತುಮಕೂರಿನವರು ಹಳೇ ಸ್ಪೆಲ್ಲಿಂಗಿನಿಂದ ಹೊಸದಕ್ಕೆ ಯಾವ್ಯಾವ ಕಚೇರಿಯ ಠಸ್ಸೆ ಯಾವಾಗ ಬದಲಾಯಿತು ಅಂತ ಹುಡುಕಬಹುದು. ನಾನು ಅದರಲ್ಲೇ ಮುಳುಗಿದ್ದೇನೆ.

ಮ್ಯಾಕ್ಸಿಮಂ ಕಾರ್ಡ್ ಅಂದ್ರೇನು?

ಚಿತ್ರದ ಪೋಸ್ಟ್‌ಕಾರ್ಡಿನ ಚಿತ್ರದ ಕಡೆಯೇ ಸ್ಟಾಂಪ್ ಅಂಟಿಸಿ ಠಸ್ಸೆ ಹಾಕಿಸುವುದು. ಚಿತ್ರ, ಸ್ಟಾಂಪ್, ಠಸ್ಸೆ ಮೂರೂ ಒಂದೇ ವಿಷಯ ಹೇಳಬೇಕು. ಸರ್ ಎಂವಿ ಫೋಟೋದ ಕಾರ್ಡು, ಅವರದೇ ಸ್ಟಾಂಪ್, ಮುದ್ದೇನಹಳ್ಳಿಯ ಠಸ್ಸೆ. ಕಾರ್ಡಿನ ಚಿತ್ರ ಸ್ಟಾಂಪಿನ ಚಿತ್ರವನ್ನೇ ದೊಡ್ಡದು ಮಾಡಿದ್ದಾಗಿರಬಾರದು, ಸ್ಪರ್ಧೆಯಲ್ಲಿ ಒಪ್ಪುವುದಿಲ್ಲ.

ಕರ್ನಾಪೆಕ್ಸ್‌ನಂಥ ಪ್ರದರ್ಶನಕ್ಕೆ ಹಾಕೋಣ ಅಂತಿದ್ದೀನಿ. ಬರೀ ಫಸ್ಟ್ ಡೇ ಕವರ್ ಸಾಕಾ?

ಸಾಲದು. ಕರ್ನಾಪೆಕ್ಸ್ ಅಂದರೆ ನಮ್ಮ ರಾಜ್ಯದ ಅಂಚೆಚೀಟಿ ಪ್ರದರ್ಶನ, ಅಲ್ಲಿ ಹಾಳೆ ಜೋಡಿಸುವ ಒಂದು ಫ್ರೇಮಿಗೆ 16 ಹಾಳೆ ಲೆಕ್ಕ. ಹದಿನಾರರಲ್ಲೂ ಇಲಾಖೆಯ ಕವರ್ ತುಂಬಿದರೆ ತೀರ್ಪುಗಾರರು ಮುಂದಿನ ಫ್ರೇಮಿಗೆ ಹೋಗಿಬಿಡುತ್ತಾರೆ. ಕಥೆಗೆ ಬೇಕಾದ ಕಡೆ ಒಂದೋ ಎರಡೋ ಇರಲಿ. ಉಳಿದದ್ದು ಅಂಚೆಯಲ್ಲಿ ಓಡಾಡಿದ ಕವರ್, ಊರ ಠಸ್ಸೆ, ದರದ ಬದಲಾವಣೆ. ಹಾಳೆಯಲ್ಲಿ ಮಾತು ಕಮ್ಮಿ ಇರಲಿ. ಮೊದಲ ಸಲ ನಾನು ಪುಟಗಟ್ಟಲೆ ಬರೆದು ಹಾಕಿದ್ದೆ. ತೀರ್ಪುಗಾರರೊಬ್ಬರು ಕನ್ನಡಕ ಏರಿಸಿ ನೋಡಿ, 'ಪ್ರಬಂಧ ಚೆನ್ನಾಗಿದೆ, ಕವರ್ ಎಲ್ಲಿ?' ಅಂದರು.

ರಿಜಿಸ್ಟರ್ಡ್ ಪೋಸ್ಟ್ ನಿಂತಿತಲ್ಲ, ಇನ್ನು ಕವರ್ ಹೇಗೆ ಕಳಿಸೋದು?

2025ರ ಸೆಪ್ಟೆಂಬರ್ 1ರಿಂದ ರಿಜಿಸ್ಟರ್ಡ್ ಸೇವೆ ಸ್ಪೀಡ್ ಪೋಸ್ಟ್ ಜೊತೆ ಸೇರುತ್ತದೆ ಅಂತ ಇಲಾಖೆ ಪ್ರಕಟಿಸಿತ್ತು. ಬೆಲೆಬಾಳುವುದನ್ನು ಇನ್ನು ಸ್ಪೀಡ್ ಪೋಸ್ಟಿನಲ್ಲೇ ಕಳಿಸಬೇಕು, ಎರಡು ಗಟ್ಟಿ ರಟ್ಟಿನ ನಡುವೆ ಇಟ್ಟು. ಆದರೆ ಕೂಡಿಸುವವರಿಗೆ ಇದರಲ್ಲಿ ಬೇರೊಂದು ವಿಷಯ ಇದೆ. ಆಗಸ್ಟ್ 31 ಭಾನುವಾರ. ಆ ಲೆಕ್ಕದಲ್ಲಿ ಹಳೇ ರಿಜಿಸ್ಟರ್ಡ್ ಕೌಂಟರಿನ ಕೊನೆಯ ಕೆಲಸದ ದಿನ 30, ಶನಿವಾರ. ಮೊದಲ ದಿನದ ಕವರ್ ಕೂಡಿಸುವವರು ಕೊನೆಯ ದಿನದ್ದನ್ನು ಬಿಡೋಕಾಗುತ್ತಾ? ಅವತ್ತು ನನ್ನ ವಿಳಾಸಕ್ಕೆ ನಾನೇ ಒಂದು ಕವರ್ ರಿಜಿಸ್ಟರ್ ಮಾಡಿದೆ. ಮಂಗಳವಾರ ಪೋಸ್ಟ್‌ಮನ್ ತಂದುಕೊಟ್ಟು, ಕಳಿಸಿದವರ ಹೆಸರನ್ನೂ ನನ್ನ ಮುಖವನ್ನೂ ಒಂದೆರಡು ಸಲ ನೋಡಿ, 'ಸಾರ್, ಇಲ್ಲೊಂದು ಸೈನ್ ಹಾಕಿ' ಅಂದರು.